ಮೆಣಸಿ ನೀರು ಕುಡಿದಳೇ?

ಬಟ್ಟಲು ತುಂಬ ನೀರು. ಬಟ್ಟಲಿನ ಈಚೆ ಚಿದಾನಂದ, ಆಚೆ ಮೆಣಸಿ. ಶಾಪಗ್ರಸ್ತ ರಾಜಕುಮಾರಿಯ ಎದುರು ವರ ಬೇಡಲು ಕುಳಿತವನಂತೆ ಅವನು ಕೈಮುಗಿದಿದ್ದ. ರಾಜಕುಮಾರಿ ಬಾಲ ನೆಕ್ಕಿಕೊಳ್ಳುತ್ತಿದ್ದಳು.

ಮೆಣಸಿ ಎಂದರೆ ಕಾಳುಮೆಣಸಿನಂತೆ ಕಪ್ಪಗಿದ್ದ ಎಳೆ ಬೆಕ್ಕು. ಚಿದಾನಂದನ ಹೆಂಡತಿ ಅಮೃತಾ ತವರಿನಿಂದ ತಂದ ಮುದ್ದು. ಮೊನ್ನೆ ಇಂಜೆಕ್ಷನ್ ಹಾಕುವಾಗ ದನದ ಡಾಕ್ಟರು, "ಒಣ ತಿಂಡಿ ತಿನ್ನೋ ಬೆಕ್ಕು ಚೆನ್ನಾಗಿ ನೀರು ಕುಡೀಬೇಕಮ್ಮ, ಇಲ್ದಿದ್ರೆ ಕಿಡ್ನಿಗೆ ತೊಂದರೆ" ಎಂದಿದ್ದರು. ಆಮೇಲೆ ನೋಡಿದರೆ, ಮನೆಯ ಬಟ್ಟಲಿಗೆ ಮೆಣಸಿ ಮೂಗೂ ತಾಗಿಸುತ್ತಿರಲಿಲ್ಲ.

ಇಂದು ಬೆಳಿಗ್ಗೆ ಅಕ್ಕನ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಶನಿವಾರಸಂತೆಗೆ ಹೊರಟ ಅಮೃತಾ ಬಾಗಿಲಲ್ಲೇ ನಿಂತು ಹೇಳಿದ್ದಳು: "ರೀ, ಸಂಜೆ ನಾನು ಬರೋದ್ರೊಳಗೆ ಇದು ನೀರು ಕುಡಿದಿರ್ಬೇಕು. ಗಿಡಕ್ಕೆ ಸುರಿದು ಬಟ್ಟಲು ಖಾಲಿ ಮಾಡೋ ಆಟ ಬೇಡ, ನಂಗೆ ಸಾಕ್ಷಿ ಬೇಕು. ಕುಡೀಲಿಲ್ವೋ, ಮೆಣಸೀನ ಎತ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ಅದು ಕುಡಿಯೋದು ಕಲಿಯೋ ತನಕ ವಾಪಸ್ ಬರಲ್ಲ!"

ಮದುವೆಯಾಗಿ ವರ್ಷ ತುಂಬಿರಲಿಲ್ಲ. ಚಿದಾನಂದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ರಜೆ ಹಾಕಿ ಬೆಕ್ಕಿನ ಮುಂದೆ ಕುಳಿತುಬಿಟ್ಟ.

ಮೊದಲು ಬಂದವರು ಪಕ್ಕದ ಮನೆಯ ವಿಮಲಮ್ಮ. "ಅಯ್ಯೋ, ಕಲ್ಲಿನ ಶಿವನೇ ನಾನಿಟ್ಟ ನೀರು ಕುಡೀತಾನೆ, ನಿನ್ನ ಕೈಲಿ ಒಂದು ಬೆಕ್ಕಿಗೆ ಕುಡಿಸಕ್ಕಾಗಲ್ವೇನೋ?"

ಅದು ಕೊಡ್ಲಿಪೇಟೆಯ ಆ ಬೀದಿಯ ಹೊಸ ಪವಾಡ. ಬೆಳಿಗ್ಗೆ ಪೂಜೆ ಮುಗಿಸಿ ವಿಮಲಮ್ಮ ಲಿಂಗದ ಮುಂದೆ ತುಂಬಿಟ್ಟ ಕಂಚಿನ ಬಟ್ಟಲು ಸಂಜೆಗೆ ಅರ್ಧವಾಗಿರುತ್ತಿತ್ತು. ಉಳಿದರ್ಧ ಬೀದಿಗೆಲ್ಲ ತೀರ್ಥ.

"ಎಳೇದು, ಗೊತ್ತಾಗಲ್ಲ. ನೀನೇ ಕುಡಿದು ತೋರ್ಸು. ಲೋಟದಲ್ಲಲ್ಲ ಕಣೋ, ಬೆಕ್ಕಿನ ಹಾಗೆ!"

ಚಿದಾನಂದ ಮಂಡಿಯೂರಿ, ಬಟ್ಟಲಿಗೆ ಮುಖವಿಟ್ಟು ಲಪಲಪ ನೆಕ್ಕಿದ. ನೀರು ಮೂಗಿಗೇರಿತು. ಮೆಣಸಿ ಅವನ ಬೆನ್ನೇರಿ ಕುಳಿತು ಆಕಳಿಸಿದಳು.

"ಎಂಥದ್ದೋ ಇದು ಅವತಾರ?" ಎಂದು ಬಾಗಿಲಲ್ಲಿ ಗುಡುಗಿದವರು ಬೀದಿಯ ಹಿರಿಯ ಶಿವಶಂಕರಪ್ಪ. ವಿಷಯ ತಿಳಿದದ್ದೇ ತಡ, ಎಮ್ಮೆಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟವನ್ನು ಮನೆಯಿಂದ ತಂದರು. "ಎಂತೆಂಥ ಎಮ್ಮೆಗೇ ಕುಡಿಸಿದೀನಿ. ಹಿಡ್ಕೊಳೋ ಚಿದು!"

ಹಿಡಿದ. ಮರುಕ್ಷಣ ಗೊಟ್ಟದ ನೀರೆಲ್ಲ ಶಿವಶಂಕರಪ್ಪನವರ ಎದೆಯ ಮೇಲೆ, ಮೆಣಸಿಯ ಉಗುರೆಲ್ಲ ಚಿದಾನಂದನ ಕೆನ್ನೆಯ ಮೇಲೆ. ಬೆಕ್ಕು ಹಿತ್ತಲಿಗೆ ಹಾರಿ ಮಾಯ.

ಅಷ್ಟರಲ್ಲಿ, ಅವನ ರಜೆಯ ಕಾರಣ ತಿಳಿದ ಎಸ್ಟೇಟ್ ಡಿಸ್ಪೆನ್ಸರಿಯ ನರ್ಸ್ ಪೂವಮ್ಮನ ಫೋನು. "ಎಂಥ ಮಾರಾಯ್ರೆ, ಬೆಕ್ಕಿಗೆ ಬರೀ ನೀರು ಕೊಡೋದಾ? ಒಂದು ಹಿಡಿ ಒಣಮೀನು ಬೇಯಿಸಿ ಆ ನೀರು ಇಡಿ. ಓಡಿ ಬರ್ತದೆ ನೋಡಿ!"

ಮೊಟ್ಟೆಯ ಹೆಸರು ಕೇಳಿದರೂ ಬಾಯಿ ಮುಕ್ಕಳಿಸುವ ಬೀದಿ ಅದು. ಆದರೆ ಸಂಜೆಯ ಬಸ್ಸು ಹತ್ತಿರವಾಗುತ್ತಿತ್ತು! ಚಿದಾನಂದ ಹೆಲ್ಮೆಟ್ ತೆಗೆಯದೆಯೇ ಸಂತೆಮಾಳದ ಅಂಗಡಿಗೆ ನುಗ್ಗಿ ಬೆರಳು ತೋರಿಸಿದ. ಅಂಗಡಿಯವನು ಪೊಟ್ಟಣ ಕಟ್ಟುತ್ತ, "ಚಿದಾನಂದಣ್ಣ, ಮನೇಲಿ ನೆಂಟ್ರಾ?" ಎಂದ.

ಮೀನು ಕುದಿ ಬಂತು. ವಾಸನೆ ಕಿಟಕಿಯಿಂದಿಳಿದು, ಮದುವೆಯ ಕರೆಯೋಲೆ ಹಂಚುವವರಂತೆ ಒಂದು ಮನೆಯನ್ನೂ ಬಿಡದೆ ಬೀದಿ ಸುತ್ತಿತು. ಮೂಗು ಮುಚ್ಚಿಕೊಂಡ ಜನ ಅಂಗಳದಲ್ಲಿ ಸೇರಿದರು.

"ಏನೋ ಚಿದು, ಏನು ಬೇಯ್ತಾ ಇದೆ?" ಶಿವಶಂಕರಪ್ಪನವರ ಧ್ವನಿ.

ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಓಡಿದ ಚಿದಾನಂದ, ಗೋಡೆಯ ಬುಡದಲ್ಲಿ ಎಲ್ಲ ಸುರಿದು ತಲೆಯೆತ್ತಿದ. ಎದುರಿಗೆ ವಿಮಲಮ್ಮನ ದೇವರ ಮನೆಯ ಕಿಟಕಿ. ಒಳಗೆ ಲಿಂಗ. ಲಿಂಗದ ಮುಂದೆ ಕಂಚಿನ ಬಟ್ಟಲು. ಬಟ್ಟಲಿನಲ್ಲಿ... ಒಂದು ಕಪ್ಪು ತಲೆ!

ಲಪ್, ಲಪ್, ಲಪ್.

"ಕುಡಿದ್ಲು!" ಚಿದಾನಂದ ಕುಣಿದೇಬಿಟ್ಟ. ಮೊಬೈಲಿನಲ್ಲಿ ವಿಡಿಯೋ ಹಿಡಿದ. ಸಾಕ್ಷಿ! ಹೆಂಡತಿ ಉಳಿದಳು! ಗಾಳಿಯಲ್ಲಿ ತೇಲುತ್ತ ಅಂಗಳಕ್ಕೆ ಬಂದರೆ, ಬಸ್ಸಿಳಿದ ಅಮೃತಾ ಜನರ ನಡುವೆ ನಿಂತಿದ್ದಳು.

"ಮಾತು ಆಮೇಲೆ," ಎಂದರು ಶಿವಶಂಕರಪ್ಪ. "ಈ ವಾಸನೆ ಒಳಗೆ ಹೋಗಿದೆ. ವಿಮಲಮ್ಮ, ಮೊದಲು ಎಲ್ರಿಗೂ ತೀರ್ಥ ಕೊಡಿ."

ವಿಮಲಮ್ಮ ಓಡಿಹೋಗಿ ಬಟ್ಟಲು ತಂದರು. "ನೋಡ್ರಪ್ಪ, ಇವತ್ತೂ ಅರ್ಧ ಕುಡಿದಿದಾನೆ ನನ್ನಪ್ಪ!"

ಎಲ್ಲರೂ ಕೈಯೊಡ್ಡಿದರು. ಅಮೃತಾ ಕುಡಿದು ಕಣ್ಣಿಗೊತ್ತಿಕೊಂಡಳು. ಶಿವಶಂಕರಪ್ಪ ಎರಡನೇ ಸಲ ಹಾಕಿಸಿಕೊಂಡು ಅಂಗೈ ನೆಕ್ಕಿದರು.

"ಈಗ ಹೇಳ್ರಿ. ಮೆಣಸಿ ಕುಡಿದ್ಲಾ? ಎಲ್ಲಿ ಸಾಕ್ಷಿ?" ಎಂದಳು ಅಮೃತಾ.

ಚಿದಾನಂದನ ಹೆಬ್ಬೆರಳು ವಿಡಿಯೋದ ಮೇಲೇ ಇತ್ತು. ತೋರಿಸಿದರೆ ಬೀದಿಯೆಲ್ಲ ಬೆಕ್ಕಿನ ಎಂಜಲು ಕುಡಿದದ್ದು ಬಯಲು. ಆಮೇಲೆ ಗುಟ್ಟಾಗಿ ಹೇಳೋಣವೆಂದರೆ, ಅಮೃತಾಳ ಕಿವಿಗೆ ಬಿದ್ದದ್ದು ವಿಮಲಮ್ಮನ ಕಿವಿ ತಲುಪಲು ಒಂದು ಕಟ್ಟು ಸೊಪ್ಪು ಬಿಡಿಸುವಷ್ಟು ಹೊತ್ತು ಸಾಕು.

ಅವನು ವಿಡಿಯೋ ಅಳಿಸಿದ. "ಇಲ್ಲ ಕಣೆ. ಕುಡೀಲಿಲ್ಲ."

ಗೋಡೆ ಹಾರಿ ಬಂದ ಮೆಣಸಿಯನ್ನು ಅಮೃತಾ ಎದೆಗವುಚಿಕೊಂಡು ಬಂದ ದಾರಿಯಲ್ಲೇ ಹೊರಟಳು. ಬೆಕ್ಕಿನ ಮೀಸೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಮಾರನೆಯ ಸಂಜೆ ವಿಮಲಮ್ಮನ ಮನೆಯಿಂದ ಚೀತ್ಕಾರ. ಬಟ್ಟಲು ತುಂಬಿದಂತೆಯೇ ಇದೆ! ಒಂದು ಹನಿಯೂ ಇಳಿದಿಲ್ಲ!

"ಮುನಿಸ್ಕೊಂಡ! ಬೀದೀಲಿ ಮೀನು ಬೇಯಿಸಿದ್ದಕ್ಕೆ ಶಿವ ಮುನಿಸ್ಕೊಂಡ!"

ಶಿವಶಂಕರಪ್ಪ ತೀರ್ಪು ಕೊಟ್ಟರು: "ಚಿದು, ಶಿವ ಮತ್ತೆ ಕುಡಿಯೋ ತನಕ ಪ್ರತಿ ಸೋಮವಾರ ಬೀದಿಗೆಲ್ಲ ನಿಂದೇ ದಾಸೋಹ."

ಅದೃಷ್ಟಕ್ಕೆ ಶಿವ ಮರುದಿನವೇ ಒಲಿದ. ಅಂದಿನಿಂದ ಬಟ್ಟಲು ಸಂಜೆಗೆ ಸರಿಯಾಗಿ ಅರ್ಧ.

ವಾರದ ಮೇಲೆ ಅಮೃತಾ ಫೋನ್ ಮಾಡಿದಾಗ, ವಿಮಲಮ್ಮ ಪೂಜೆ ಮುಗಿಸಿ ಬೀದಿ ಸುತ್ತಲು ಹೊರಟಿದ್ದರು. ಚಿದಾನಂದ ಹಿತ್ತಲ ಬಾಗಿಲಿನಿಂದ ನುಸುಳಿ ಅವರ ದೇವರ ಮನೆಯಲ್ಲಿ ಮಂಡಿಯೂರಿದ್ದ. ತೀರ್ಥವನ್ನು ನೆಲಕ್ಕೆ ಚೆಲ್ಲುವಂತಿಲ್ಲ. ಬಟ್ಟಲನ್ನು ಎತ್ತುವಂತೆಯೂ ಇಲ್ಲ; ಸುತ್ತ ಎಳೆದ ವಿಭೂತಿಯ ಗೆರೆ ಕದಡುತ್ತದೆ.

"ಮೆಣಸಿ ಇಲ್ಲೂ ಬಟ್ಟಲು ಮುಟ್ತಿಲ್ಲ ಕಣ್ರೀ," ಎಂದಳು ಅಮೃತಾ. "ಅದಿರ್ಲಿ, ಬಿಸಿಲು ಜಾಸ್ತಿ. ನೀವಾದ್ರೂ ಸರಿಯಾಗಿ ನೀರು ಕುಡೀತಿದೀರಾ?"

ಚಿದಾನಂದ ಮೀಸೆ ಒರೆಸಿಕೊಂಡ. "ಹೂಂ ಕಣೆ. ದಿನಾ ಬೆಳಿಗ್ಗೆ ಅರ್ಧ ಬಟ್ಟಲು."