ಆರಿಹೋದ ಸೂರ್ಯ

ಚಳಿಗಾಲ ಇರೋದೇ ಗಂಡಸರು ಕಂಬಳಿ ಹೊದ್ದು ಮಲಗೋದಕ್ಕೆ. ಇದು ನನ್ನ ದೃಢವಾದ ನಂಬಿಕೆ. ನನ್ನ ಹೆಂಡತಿಯ ಪ್ರಕಾರ ಚಳಿಗಾಲ ಇರೋದು ಸುತ್ತಾಡೋದಕ್ಕೆ. ಮಂಜು ನೋಡಬೇಕಂತೆ, ಕೆರೆಗೆ ವಲಸೆ ಬಂದ ಹಕ್ಕಿ ನೋಡಬೇಕಂತೆ, ಬೆಟ್ಟದ ಮೇಲೆ ನಿಂತು ಸೂರ್ಯೋದಯ ನೋಡಬೇಕಂತೆ. (ಸೂರ್ಯ ಸಾಯಂಕಾಲದವರೆಗೂ ಅಲ್ಲೇ ಇರ್ತಾನೆ, ತಿಂಡಿ ತಿಂದು ನಿಧಾನಕ್ಕೆ ನೋಡಿದರೆ ಅವನೇನೂ ಬೇಜಾರು ಮಾಡ್ಕೊಳ್ಳಲ್ಲ ಅಂತ ಹೇಳಿ ನೋಡಿದ್ದೇನೆ. ಪ್ರಯೋಜನ ಆಗಿಲ್ಲ.)

ಈ ಸಲ ತಪ್ಪಿಸಿಕೊಳ್ಳೋ ಹಾಗೇ ಇರಲಿಲ್ಲ. ಅತ್ತೆ ಮಾವ ಬಂದಿದ್ದರು. ಬಂದವರು ಕಾಫಿ ಲೋಟ ಕೆಳಗಿಡೋದಕ್ಕೂ ಮುಂಚೆ ಅತ್ತೆ ನನ್ನ ಷಡ್ಡಕನ ಪುರಾಣ ತೆಗೆದರು. ಹೋದ ಚಳಿಗಾಲದಲ್ಲಿ ಆ ಮಹಾನುಭಾವ ಇವರನ್ನ ಸಮುದ್ರಕ್ಕೆ ಕರ್ಕೊಂಡು ಹೋಗಿದ್ದನಂತೆ. ದೋಣಿಯಲ್ಲಿ ಕೂರಿಸಿದ್ದನಂತೆ. ಒಂದು ಡಾಲ್ಫಿನ್ ನೀರಿನಿಂದ ಎದ್ದು ಬಂದು, ಬೇರೆ ಯಾರನ್ನೂ ನೋಡದೆ, ಅತ್ತೆಗೆ ಮಾತ್ರ ತಲೆ ಆಡಿಸಿ ಹೋಯಿತಂತೆ.

"ಎಷ್ಟು ಮರ್ಯಾದೆ ಕೊಡ್ತು ಗೊತ್ತಾ ಅದು" ಅಂದರು ಅತ್ತೆ, ನನ್ನ ಕಡೆ ನೋಡುತ್ತ. ಮೂಕಪ್ರಾಣಿಗಿರೋ ಬುದ್ಧಿ ಕೆಲವರಿಗೆ ಇಲ್ಲವಲ್ಲ ಅನ್ನೋ ಉಳಿದರ್ಧವನ್ನ ಕಣ್ಣಲ್ಲೇ ಮುಗಿಸಿದರು.

ಹೆಂಡತಿ ಅಡುಗೆಮನೆಯಿಂದಲೇ ಒಗ್ಗರಣೆ ಹಾಕಿದಳು. "ನಮ್ಮನೇಲೂ ಒಂದು ಡಾಲ್ಫಿನ್ ಇದೆ ಅಮ್ಮ. ಕಂಬಳಿಯಿಂದ ಎದ್ದು ಬರಲ್ಲ, ಅಷ್ಟೇ."

ಇಷ್ಟಾದ ಮೇಲೂ ಸುಮ್ಮನಿದ್ದರೆ ನಾನು ಗಂಡಸಾಗಿ ಹುಟ್ಟಿ ಏನು ಪ್ರಯೋಜನ? "ಭಾನುವಾರ ಬೆಳಗ್ಗೆ ಎಲ್ಲರೂ ಬೆಟ್ಟಕ್ಕೆ" ಅಂತ ಘೋಷಿಸಿಬಿಟ್ಟೆ. "ಸೂರ್ಯೋದಯ ಏನು, ಜಲಪಾತ ಏನು, ಕಾಡು ಏನು. ಎಲ್ಲಾ ನಾನೇ ತೋರಿಸ್ತೀನಿ."

ಮಾವನಿಗೆ ತುಂಬಾ ಸಂತೋಷವಾಯಿತು. ನಾನು ನಗರ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯೋನು. "ಬೇರೆಯವರ ಅಳಿಯಂದಿರು ಬರೀ ಅಳಿಯಂದಿರು. ನಮ್ಮದು ಊರು ಅಳೆಯೋ ಅಳಿಯ" ಅಂತ ಅವರು ಆಗಾಗ ಹೇಳೋದುಂಟು. ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತಿಯಾದಾಗ ಬಾವುಟ ವಾಪಸ್ ಕೊಟ್ಟರು, ಸೀಟಿ ಮಾತ್ರ ಕೊಡಲಿಲ್ಲ. ಇವತ್ತಿಗೂ ಅವರು ಸೀಟಿ ಊದದೆ ನಮ್ಮ ಮನೆಯ ಯಾವ ವಾಹನವೂ ಹೊರಡೋ ಹಾಗಿಲ್ಲ. ಬೀದಿಯವರಿಗೆ ಅಭ್ಯಾಸವಾಗಿದೆ.

ಭಾನುವಾರ ಎದ್ದು ಬಾಗಿಲು ತೆಗೆದರೆ ಬೀದಿಯೇ ಇಲ್ಲ. ಮಂಜು ಅಂದರೆ ಅಂಥ ಮಂಜು. ಕಾರಿನ ಮೂತಿ ಎಲ್ಲಿ ಮುಗಿಯುತ್ತೆ ಅನ್ನೋದು ಕಾರಿಗೇ ಗೊತ್ತಿರಲಿಲ್ಲ. ಕಾರ್ಯಕ್ರಮ ರದ್ದಾಗಬಹುದು ಅಂತ ನನ್ನ ಮನಸ್ಸು ಒಳಗೊಳಗೇ ಕುಣಿಯಿತು. ಆದರೆ ಅತ್ತೆ ಆಗಲೇ ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಶಾಲು ಸುತ್ತಿ, ಮಂಕಿ ಕ್ಯಾಪ್ ಏರಿಸಿ, ಹಿಂದಿನ ಸೀಟಿನಲ್ಲಿ ಹಾಸಿಗೆ ಸುರುಳಿಯ ಹಾಗೆ ಪ್ರತಿಷ್ಠಾಪನೆಗೊಂಡಿದ್ದರು. ಮಾವ ಸೀಟಿ ಊದಿದರು. ಹೊರಟೆವು.

ಸ್ವಲ್ಪ ದೂರ ಹೋದ ಮೇಲೆ ಹೆಂಡತಿ ಕೇಳಿದಳು. "ರೀ, ಎಡಕ್ಕೆ ತಿರುಗಬೇಕಿತ್ತಲ್ವಾ?"

"ಈ ಊರಿನ ರಸ್ತೆಗಳನ್ನ ನಾನು ಕೈಯಾರೆ ಬರೆದಿದ್ದೀನಿ."

"ಬರೆದಿದ್ದೀರಿ. ಓಡಿಸಿಲ್ಲ. ಅಲ್ಲಿ ಹಾಲಿನವನು ಹೋಗ್ತಿದಾನೆ, ಕೇಳಿ."

ನಕ್ಷೆ ಬರೆಯೋನು ಹಾಲಿನವನ ಹತ್ತಿರ ದಾರಿ ಕೇಳಿದ ಅಂತ ಗೊತ್ತಾದರೆ ಕಚೇರಿಯಲ್ಲಿ ನಾನು ತಲೆ ಎತ್ತಿ ತಿರುಗೋದು ಹೇಗೆ? ಕಿಟಕಿ ಏರಿಸಿದೆ. ಬಲಕ್ಕೆ ತಿರುಗಿದೆ. ಮತ್ತೆ ಬಲಕ್ಕೆ. ರಸ್ತೆ ಸಿಕ್ಕಿದ ಕಡೆಯೆಲ್ಲ ತಿರುಗಿದೆ. ಅತ್ತೆ ಎರಡು ನಿದ್ದೆ ಮುಗಿಸಿದರು. ಕೊನೆಗೆ ಕಾರು ಏದುಸಿರು ಬಿಡುತ್ತ ಏರು ಹತ್ತತೊಡಗಿದಾಗ ನನಗೆ ಹೋದ ಜೀವ ಬಂತು. ಮೇಲೆ ಹೋಗೋ ರಸ್ತೆ ಬೆಟ್ಟಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತೆ?

ತುದಿಯಲ್ಲಿ ಕಾರು ನಿಲ್ಲಿಸಿ ಇಳಿದರೆ ಒಂದು ಕಬ್ಬಿಣದ ಕಂಬಿ ಕೈಗೆ ಸಿಕ್ಕಿತು. "ಇದೇ ವೀಕ್ಷಣಾ ಸ್ಥಳ. ಇದರಾಚೆ ಪ್ರಪಾತ. ಅತ್ತೆ, ಹುಷಾರು" ಅಂದೆ.

ಇಳಿದ ಎರಡು ಹೆಜ್ಜೆಗೇ ಮಾವ ಮಾಯವಾದರು. ಮಂಜಿನಲ್ಲಿ ಗಾಡಿ ನಿಂತರೆ ಏನು ಮಾಡಬೇಕು ಅಂತ ಅವರಿಗೆ ಇಲಾಖೆ ಕಲಿಸಿದೆ. ಉದ್ದಕ್ಕೆ ಸೀಟಿ ಊದಿದರು. ಮತ್ತೊಂದು ಸಲ ಊದಿದರು. ಆಗ ಮಂಜಿನೊಳಗಿಂದ, ಒಬ್ಬರ ಹಿಂದೆ ಒಬ್ಬರು, ಶಾಲು ಮಫ್ಲರ್ ಸುತ್ತಿಕೊಂಡ ಆಕೃತಿಗಳು ಬಂದು ನಮ್ಮ ಸುತ್ತ ಅರ್ಧಚಂದ್ರಾಕಾರವಾಗಿ ನಿಂತುಬಿಟ್ಟವು. ಯಾರ ಮುಖವೂ ಕಾಣದು. ಬಾಯಿಂದ ಹೊಗೆ ಮಾತ್ರ ಬರುತ್ತಿತ್ತು.

"ಪ್ರವಾಸಿಗರು" ಅಂತ ನಾನು ಹೆಂಡತಿಯ ಕಿವಿಯಲ್ಲಿ ಉಸುರಿದೆ. "ಸೀಟಿ ಕೇಳಿ ಗೈಡ್ ಬಂದ ಅಂದ್ಕೊಂಡಿದಾರೆ."

ಇಷ್ಟು ಜನ ನನ್ನ ಮಾತಿಗೆ ಕಾದು ನಿಂತದ್ದು ನನ್ನ ದಾಂಪತ್ಯ ಜೀವನದಲ್ಲಿ ಅದೇ ಮೊದಲು. ಗಂಟಲು ಸರಿ ಮಾಡಿಕೊಂಡೆ. "ಮಹನೀಯರೇ, ಮಹಿಳೆಯರೇ. ಎಡಗಡೆ ಧುಮುಕುತ್ತಿರುವ ಸದ್ದು ಕೇಳಿ. ಅದೇ ಸುಪ್ರಸಿದ್ಧ ಜಲಪಾತ."

ನಿಜವಾಗಿಯೂ ನೀರು ಬೀಳುತ್ತಿತ್ತು. ಆಕೃತಿಗಳೆಲ್ಲ ಎರಡೂ ಕೈ ಮೇಲೆತ್ತಿ ಹಹ್ಹಹ್ಹಾ ಅಂತ ನಕ್ಕವು. ನಾನೇನು ತಮಾಷೆ ಮಾಡಿದೆ ಅಂತ ನನಗೇ ತಿಳಿಯಲಿಲ್ಲ. ಆದರೂ ಯಾರಾದರೂ ನಕ್ಕರೆ ಬೇಡ ಅನ್ನೋದಕ್ಕಾಗುತ್ತಾ?

ಅಷ್ಟರಲ್ಲಿ ಕೆಳಗಿನಿಂದ ಗುರ್ರ್, ಗುರ್ರ್ ಅಂತ ಕೇಳಿಸಿತು. "ಕರಡಿ" ಅಂದೆ, ದನಿ ತಗ್ಗಿಸಿ. "ಚಳಿಗೆ ಮರಿಗಳನ್ನ ಕರೀತಿದೆ."

"ಸ್ಕೂಟರಿಗೆ ಕಿಕ್ ಹೊಡೆದ ಹಾಗಿದೆಯಲ್ಲ" ಅಂದರು ಮಾವ.

"ಕಾಡಿನ ಕರಡಿ ಹಾಗೇ ಮಾವ."

ಈ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರಂತೂ ಕೆಮ್ಮಿ ಕೆಮ್ಮಿ ಕಂಬಿ ಹಿಡಿದುಕೊಂಡರು. ಅತ್ತೆಯೂ ನಗತೊಡಗಿದರು. ನನ್ನ ಅತ್ತೆ ನಕ್ಕದ್ದನ್ನ ನಾನು ಮದುವೆಯ ಫೋಟೋದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ (ಅದೂ ಫೋಟೋದವನು ಬಲವಂತ ಮಾಡಿದ್ದಕ್ಕೆ). ಹೆಂಡತಿ ಮಾತ್ರ ಸೆರಗನ್ನ ಬಾಯಿಗೆ ತುರುಕಿಕೊಂಡು ಭುಜ ಕುಣಿಸುತ್ತಿದ್ದಳು. ಚಳಿ ಅಂದುಕೊಂಡೆ.

ಆಗ ಎದುರಿಗೆ, ಮಂಜಿನ ನಡುವೆ, ಗುಂಡಗೆ ಹಳದಿ ಬೆಳಕು. ಇಡೀ ಪ್ರವಾಸದ ಫಲ ಅದು. ನಾನು ಕೈ ಚಾಚಿದೆ. "ಅಗೋ, ಸೂರ್ಯೋದಯ. ಕಣ್ತುಂಬ ನೋಡ್ಕೊಳ್ಳಿ ಅತ್ತೆ. ಇದಕ್ಕೆ ಯಾವ ದೋಣಿಯೂ ಬೇಕಾಗಿಲ್ಲ."

ಅತ್ತೆ ಮಂಕಿ ಕ್ಯಾಪ್ ಸರಿಸಿ ಕಣ್ಣರಳಿಸಿ ನೋಡಿದರು. ಎಲ್ಲರೂ ನೋಡಿದರು. ನೋಡುತ್ತಿದ್ದ ಹಾಗೇ ಆ ಬೆಳಕು ಎರಡು ಸಲ ಮಿಟುಕಿ ಪಟ್ಟಂತ ಹೋಯಿತು.

ನಾನು ಚಾಚಿದ ಕೈ ಚಾಚಿದ ಹಾಗೇ ಇತ್ತು.

"ಅಳಿಯಂದ್ರೇ" ಅಂದರು ಅತ್ತೆ ಮೆಲ್ಲಗೆ, "ಸೂರ್ಯ ಆರಿಹೋಯ್ತು."

"ಗ್ರಹಣ ಇರಬೇಕು" ಅಂದೆ. ಬೇರೇನು ಹೇಳಲಿ?

ಆ ನಗೆಯನ್ನ ವರ್ಣಿಸೋ ಶಕ್ತಿ ನನಗಿಲ್ಲ. ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮಾವ ನಗು ತಡೆಯಲಾರದೆ ಸೀಟಿಯೊಳಗೇ ನಕ್ಕು ಪೀಪೀ ಅನ್ನಿಸಿದರು. ಈ ಗದ್ದಲಕ್ಕೇ ಎಚ್ಚರಾದನೋ ಏನೋ, ಅಸಲಿ ಸೂರ್ಯ ನಮ್ಮ ಬೆನ್ನ ಹಿಂದಿನಿಂದ ಎದ್ದ. ಮಂಜು ಪರದೆ ಸರಿದ ಹಾಗೆ ಸರಿಯತೊಡಗಿತು.

ಮೊದಲು ಕಂಡದ್ದು ಜಲಪಾತ. ನಮ್ಮ ಬಡಾವಣೆಯ ನೀರಿನ ಟ್ಯಾಂಕು ತುಂಬಿ ಧಾರಾಳವಾಗಿ ಹೊರಗೆ ಸುರಿಯುತ್ತಿತ್ತು. ಕೆಳಗೆ ಪಕ್ಕದ ಮನೆಯವನು ಸ್ಕೂಟರಿಗೆ ಒದ್ದು ಒದ್ದು ಸುಸ್ತಾಗಿ ಅದರ ಮೇಲೇ ಕೂತಿದ್ದ. ಸೂರ್ಯ ಇದ್ದ ಜಾಗದಲ್ಲಿ ಬೀದಿದೀಪದ ಕಂಬ. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ನಾನು ಊರೆಲ್ಲ ಸುತ್ತಿ ಬೆಟ್ಟ ಹುಡುಕಿ ನಮ್ಮ ಮನೆ ಹಿತ್ತಲಿನ ದಿಬ್ಬ ಹಿಡಿದಿದ್ದೆ.

ಅತ್ತೆಗೆ ಇನ್ನೂ ಅಂದಾಜಾಗಿರಲಿಲ್ಲ. ಕೆಳಗೆ ಬೆರಳು ಮಾಡಿದರು. "ಅಲ್ನೋಡೇ, ಆ ಮನೆಯವರಿಗೆ ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ? ಜರಡಿ ಹಾಗೆ ತೂತಾಗಿರೋ ಬನಿಯನ್ ಮಹಡಿ ಮೇಲೆ ಹರವಿದಾರೆ."

"ಅದು ನಿನ್ನ ಅಳಿಯಂದೇ ಅಮ್ಮ" ಅಂದಳು ಹೆಂಡತಿ.

ನಾನು ಅವಳ ಕಡೆ ತಿರುಗಿದೆ. "ನಿನಗೆ ಯಾವಾಗ ಗೊತ್ತಾಯ್ತು?"

"ಕರಡಿ ಕೂಗಿದಾಗ. ದಿನಾ ಬೆಳಗ್ಗೆ ಕೇಳ್ತೀನಲ್ಲ. ನೀವೊಬ್ಬರು ಮಲಗಿರ್ತೀರಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಅಷ್ಟು ಚೆನ್ನಾಗಿ ತೋರಿಸ್ತಿದ್ರಿ. ಮಧ್ಯ ಬಾಯಿ ಹಾಕೋದಕ್ಕೆ ಮನಸ್ಸು ಬರಲಿಲ್ಲ."

ಆಕೃತಿಗಳ ಪೈಕಿ ಎತ್ತರವಾಗಿದ್ದವರೊಬ್ಬರು ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದು ನನ್ನ ಕೈ ಕುಲುಕಿದರು. ಅದು ಬಡಾವಣೆಯವರ ನಗೆಕೂಟವಂತೆ. ಆರೋಗ್ಯಕ್ಕೆ ಒಳ್ಳೆಯದು ಅಂತ ದಿನಾ ಬೆಳಗ್ಗೆ ದಿಬ್ಬದ ಮೇಲೆ ಸೇರಿ, ಸೀಟಿ ಊದಿದ ತಕ್ಷಣ ಸುತ್ತ ಬಂದು ನಿಂತು ನಗಬೇಕಂತೆ. "ಇಷ್ಟು ದಿನ ಕಷ್ಟಪಟ್ಟು ನಗ್ತಿದ್ವಿ" ಅಂದರು ಅವರು. "ಇವತ್ತು ಯಾರೋ ಒಳ್ಳೆ ಹಾಸ್ಯಗಾರರನ್ನ ಕರೆಸಿದಾರೆ ಅಂದ್ಕೊಂಡ್ವಿ. ಗ್ರಹಣ ಅಂತೂ ಅದ್ಭುತ."

ಹಾಗನ್ನುತ್ತ ಮಫ್ಲರ್ ಬಿಚ್ಚಿದರು. ಹೋದ ತಿಂಗಳು ವರ್ಗವಾಗಿ ಬಂದ ನಮ್ಮ ಕಚೇರಿಯ ಮುಖ್ಯಾಧಿಕಾರಿಗಳು.

ಅವರೂ ನನ್ನನ್ನ ಗುರುತು ಹಿಡಿದರು. ಮುಖದ ಮೇಲಿನ ನಗು ನಿಧಾನವಾಗಿ ಇಳಿಯಿತು. "ನೀವು ನಮ್ಮ ನಕ್ಷೆ ವಿಭಾಗದವರಲ್ವಾ? ಊರಿನ ಹೊಸ ನಕ್ಷೆ ನಿಮ್ಮ ಮೇಜಿನ ಮೇಲೇ ಇದೆ."

"ಹೌದು ಸಾರ್."

"ಅಚ್ಚಿಗೆ ಕಳಿಸಬೇಡಿ" ಅಂದರು. "ನಾನೊಂದ್ಸಲ ನೋಡ್ತೀನಿ."

ಕಾಲ ಕೆಳಗಿನ ದಿಬ್ಬ ಬಾಯಿ ಬಿಟ್ಟು ನನ್ನನ್ನ ನುಂಗಬಾರದೇ ಅನ್ನಿಸಿತು. ಆದರೆ ನನ್ನ ಹೆಂಡತಿ ಇಂಥ ಸಂದರ್ಭವನ್ನ ವ್ಯರ್ಥ ಮಾಡೋಳಲ್ಲ. "ನೀವೇನೂ ಯೋಚನೆ ಮಾಡಬೇಡಿ ಸಾರ್. ಚಳಿಗಾಲ ಮುಗಿಯೋವರೆಗೂ ದಿನಾ ಬೆಳಗ್ಗೆ ಇವರನ್ನ ಕಳಿಸ್ತೀನಿ. ಮನೇಲಿ ಸುಮ್ಮನೆ ಮಲಗಿರ್ತಾರೆ" ಅಂದುಬಿಟ್ಟಳು. ನಗೆಕೂಟದವರು ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ತಲೆ ಆಡಿಸಿದರು. ಅಲ್ಲಿಗೆ ಅದು ಕಚೇರಿಯ ಆದೇಶವೇ ಆಯಿತು.

ಅತ್ತೆ ಕಾರಿನಲ್ಲಿ ಕೂತ ಮೇಲೂ ಬಿದ್ದು ಬಿದ್ದು ನಗುತ್ತಿದ್ದರು. ಮನೆ ತಲುಪಿದವರೇ ತೀರ್ಮಾನ ಹೇಳಿದರು. ಜನ್ಮದಲ್ಲಿ ಇಷ್ಟು ನಕ್ಕಿಲ್ಲವಂತೆ, ಮೈಕೈ ಹಗುರವಾಗಿದೆಯಂತೆ, ಆದ್ದರಿಂದ ಚಳಿಗಾಲ ಪೂರ್ತಿ ಇಲ್ಲೇ ಇದ್ದುಬಿಡುತ್ತಾರಂತೆ.

ಈಗ ದಿನಾ ಮುಂಜಾನೆ ನಾನು ನಡುಗುತ್ತ ಎದ್ದು, ಮೇಲಧಿಕಾರಿಗಳನ್ನ ನಗಿಸೋದಕ್ಕೆ ಹೊರಡುತ್ತೇನೆ. ಒಂದು ಕೋಣೆಯಲ್ಲಿ ಅತ್ತೆ ಮಾವ ಗೊರಕೆಯಲ್ಲಿ ಜುಗಲ್‌ಬಂದಿ ನಡೆಸುತ್ತಿರುತ್ತಾರೆ. ಇನ್ನೊಂದು ಕೋಣೆಯಲ್ಲಿ ಹೆಂಡತಿ ತನ್ನ ಕಂಬಳಿಯ ಮೇಲೆ ನನ್ನ ಕಂಬಳಿಯನ್ನೂ ಎಳೆದುಕೊಂಡು ಮಗ್ಗುಲಾಗುತ್ತಾಳೆ. ನಾನು ಚಪ್ಪಲಿ ಮೆಟ್ಟೋ ಸದ್ದು ಕೇಳಿದರೆ ಕಣ್ಣು ಬಿಡದೆಯೇ ಹೇಳುತ್ತಾಳೆ.

"ಬಾಗಿಲು ಮೆಲ್ಲಗೆ ಎಳ್ಕೊಂಡು ಹೋಗಿ. ದಾರಿ ಗೊತ್ತಲ್ಲ?"