ಬಾಗಿಲ ಬೂದುಗುಂಬಳಕ್ಕೊಂದು ತಿದ್ದುಪಡಿ

ಇಸ್ಸಾಕ್ವಾದ ಗುಡ್ಡದ ಮೇಲೆ ಮನೆ ತೆಗೆದುಕೊಂಡಾಗ ನಾನಿರುವುದು ವಾಷಿಂಗ್ಟನ್ ರಾಜ್ಯದಲ್ಲಿ ಎಂದುಕೊಂಡಿದ್ದೆ. ಅದರೊಳಗೆ ಇನ್ನೊಂದು ರಾಜ್ಯವಿದೆ ಎಂದು ಆಮೇಲೆ ಗೊತ್ತಾಯಿತು. ಅದು ನಮ್ಮ ಬಡಾವಣೆಯ ಸಂಘ. ಅದಕ್ಕೆ ಅದರದೇ ಸಂವಿಧಾನ, ಚುನಾವಣೆ, ದಂಡ ಎಲ್ಲ ಇದೆ, ಸೈನ್ಯವೊಂದಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಈ ಕೆಳಗಿನಂಥ ಪ್ರಸಂಗಗಳಿಗೆ ಬರವಿಲ್ಲ.

೧. ಅರಿಶಿನ ಬಣ್ಣ

ಮುಂಬಾಗಿಲಿಗೆ ಅರಿಶಿನ ಬಣ್ಣ ಹೊಡೆಸಬೇಕೆಂದು ನನ್ನ ಹೆಂಡತಿಯ ಆಸೆ. ಸಂಘದ ಅಧ್ಯಕ್ಷರು ಪಕ್ಕದ ಮನೆಯವರೇ, ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪದವರು, ಬಹಳ ಸಜ್ಜನ. ಕೇಳಿದ ತಕ್ಷಣ, ಅನುಮತಿಯಿರುವ ಬಣ್ಣಗಳ ಮಾದರಿ ತಂದು ಹರಡಿದರು. ನನ್ನ ಕಣ್ಣಿಗೆ ಎಲ್ಲವೂ ಬೂದಿಯೇ.

"ಇದರಲ್ಲಿ ಹಳದಿ ಯಾವುದು?" ಎಂದೆ.

ಅವರು ಒಂದನ್ನು ಕಿಟಕಿಗೆ ಹಿಡಿದು, "ಬಿಸಿಲು ಬಂದ ದಿನ ಇದು ಸ್ವಲ್ಪ ಹಳದಿ ಕಾಣುತ್ತೆ" ಎಂದರು.

ಸದಾ ಮಳೆಮೋಡದ ಈ ಸಿಯಾಟಲ್ ಕಡೆ ಬಿಸಿಲಿಗೆ ಕಾಯುವಷ್ಟು ಅವಧಿ ನಮ್ಮ ವೀಸಾದಲ್ಲಿ ಉಳಿದಿರಲಿಲ್ಲ.

೨. ಮಾತಾಡಬಹುದು

"ಇಷ್ಟು ತೆರಿಗೆ ಕಟ್ಟಿಯೂ ನನಗೆ ಇಲ್ಲಿ ಓಟಿಲ್ಲ" ಎಂದು ಒಮ್ಮೆ ಅಧ್ಯಕ್ಷರೆದುರು ಗೊಣಗಿದೆ. ಅವರು ನಕ್ಕರು.

"ನಾನು ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ನಮ್ಮ ದ್ವೀಪಕ್ಕೆ ನಮ್ಮದೇ ಗವರ್ನರ್, ನಮ್ಮದೇ ಶಾಸನಸಭೆ. ಆದರೆ ಅಲ್ಲಿದ್ದಷ್ಟು ದಿನ ದೇಶದ ಅಧ್ಯಕ್ಷರ ಚುನಾವಣೆಯಲ್ಲಿ ನನಗೂ ಓಟಿರಲಿಲ್ಲ. ಅಮೆರಿಕದ ಸಂಸತ್ತಿಗೆ ಒಬ್ಬರನ್ನು ಆರಿಸಿ ಕಳಿಸ್ತೀವಿ. ಅವರು ಮಾತಾಡಬಹುದು, ಕಾನೂನು ಪಾಸಾಗುವಾಗ ಓಟು ಹಾಕೋ ಹಾಗಿಲ್ಲ. ವಿಮಾನ ಹತ್ತಿ ಇಲ್ಲಿಗೆ ಬಂದೆ ನೋಡಿ, ಓಟು ಬಂತು."

ನನ್ನ ಹೆಂಡತಿಯ ಬಾಣಂತನಕ್ಕೆಂದು ಮೈಸೂರಿನಿಂದ ಗೃಹಪ್ರವೇಶದ ಹೊತ್ತಿಗೇ ಬಂದಿದ್ದ ನಮ್ಮತ್ತೆಗೆ ಇದನ್ನೆಲ್ಲ ವಿವರಿಸಿದೆ. ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ಮರುಗಿದರು.

"ಮಾತಾಡ್ಬೋದು, ತೀರ್ಮಾನ ಮಾಡೋ ಹಾಗಿಲ್ಲ. ಅಯ್ಯೋ ಪಾಪ, ಇಡೀ ದ್ವೀಪಾನೇ ಮನೆಅಳಿಯ ಮಾಡ್ಕೊಂಡಿದಾರಲ್ರೀ!"

೩. ಮನೆಗೊಂದು

ಸಂಘದ ಚುನಾವಣೆಯಲ್ಲಿ ಮಾತ್ರ ನಮಗೂ ಓಟಿತ್ತು, ಮನೆಗೊಂದು. ನನಗೆ ಒಬ್ಬರು ಇಷ್ಟ, ಹೆಂಡತಿಗೆ ಇನ್ನೊಬ್ಬರು. ಒಂದು ವಾರ ಊಟದ ಮೇಜಿನಲ್ಲಿ ಬಿಡದೆ ಪ್ರಚಾರ ಮಾಡಿದೆ. ಕೊನೆಗೆ ಅವಳೇ ಹೋಗಿ ಓಟು ಹಾಕಿ ಬಂದಳು.

"ನಿಮ್ಮವರಿಗೇ ಹಾಕೋಣ ಅಂತಿದ್ದೆ ಕಣ್ರೀ. ನೀವು ಅಷ್ಟೊಂದು ಹೊಗಳಿದ್ಮೇಲೆ ಡೌಟ್ ಬಂತು."

೪. ಕಾವಲು

ಗೃಹಪ್ರವೇಶದ ದಿನ ಅತ್ತೆ ದೃಷ್ಟಿಯಾಗದಿರಲೆಂದು ಮುಂಬಾಗಿಲ ಮೇಲೆ ಬೂದುಗುಂಬಳಕಾಯಿ ಕಟ್ಟಿಸಿದ್ದರು. ಅದರ ಮೇಲೆ ಗುಡ್ಡೆಗಣ್ಣು, ಮೀಸೆ, ಕೋರೆಹಲ್ಲು ಬರೆದವರೂ ಅವರೇ. ಮಾರ್ಚ್ ತಿಂಗಳಲ್ಲಿ ಅಧ್ಯಕ್ಷರು ಸಂಕೋಚದಿಂದ ಬಾಗಿಲು ತಟ್ಟಿದರು. ದೂರು ಬಂದಿತ್ತು. ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆ ಕುಂಬಳಕಾಯಿಗೆ ಭೂತದ ಮುಖ ಮಾಡಿ ಇಡುವ ಅಲಂಕಾರವನ್ನು ನವೆಂಬರಿನ ಆಚೆಗೆ ಇಡುವಂತಿಲ್ಲ, ಕೂಡಲೇ ತೆಗೆಯಬೇಕು.

ಅತ್ತೆಯ ಮುಖ ಇಳಿದುಹೋಯಿತು. "ಬಸುರಿ ಇರೋ ಮನೇಲಿ ಕಟ್ಟಿದ ಕಾಯಿ ಬಿಚ್ಚೋದಾ? ನಂಗೆ ರಾತ್ರಿ ನಿದ್ದೆ ಬರಲ್ಲಪ್ಪ." ನನಗೆ ಇವುಗಳಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ಆದರೂ ಅವರ ಕಣ್ಣು ತುಂಬಿದ್ದು ನೋಡಿ ನನಗೂ ಭಯವಾಯಿತು. ಅವರನ್ನೂ ಕರೆದುಕೊಂಡು ಸಂಘದ ಸಭೆಗೆ ಹೋದೆ.

"ಇದು ಹ್ಯಾಲೋವೀನ್ ಅಲ್ಲ. ಕೆಟ್ಟ ದೃಷ್ಟಿಯಿಂದ ಮನೆ ಕಾಯೋಕೆ ಕಟ್ಟಿರೋದು" ಎಂದು ಬಿನ್ನವಿಸಿಕೊಂಡೆ.

ಸಮಿತಿಯ ಹಿರಿಯ ಮಹಿಳೆಯೊಬ್ಬರು ನಿಯಮಗಳನ್ನು ತಿರುವಿ ಹಾಕಿ ತಲೆಯೆತ್ತಿದರು. "ಕಾಯೋಕೆ ಅಂದ ಮೇಲೆ ಇದು ಅಲಂಕಾರ ಅಲ್ಲ, ಭದ್ರತಾ ಸಾಧನ. ಅದನ್ನು ವರ್ಷವಿಡೀ ಇಟ್ಟುಕೊಳ್ಳಬಹುದು. ಬೇಕಾದರೆ ಒಂದು ತಿದ್ದುಪಡಿ ಮಾಡೋಣ."

ನಾನು ಉಸಿರು ಬಿಡುವಷ್ಟರಲ್ಲಿ ಎದುರುಮನೆಯ ಸಾಫ್ಟ್‌ವೇರ್ ಇಂಜಿನಿಯರ್ ಕೈಯೆತ್ತಿದ. "ಒಂದು ನಿಮಿಷ. ನನ್ನ ಬಾಗಿಲು ಅದರ ನೇರಕ್ಕಿದೆ. ಹೋಗಿ ಬರೋರನ್ನೆಲ್ಲ ಅದು ರೆಕಾರ್ಡ್ ಮಾಡುತ್ತಾ? ನಮ್ಮ ಪ್ರೈವೆಸಿ ಗತಿ ಏನು?"

ಎಲ್ಲರೂ ನಮ್ಮತ್ತ ತಿರುಗಿದರು. ಪ್ರಶ್ನೆಯನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ಶಾಂತವಾಗಿ ಉತ್ತರಿಸಿದರು.

"ಎಲ್ಲಾರ್ನೂ ನೋಡತ್ತೆ, ಯಾರ ವಿಷ್ಯಾನೂ ಯಾರಿಗೂ ಹೇಳಲ್ಲ ಅಂತ ಹೇಳಿ."

ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಒಂದೊಂದಾಗಿ ಕೈಗಳೆದ್ದವು, ತಿದ್ದುಪಡಿ ಸರ್ವಾನುಮತದಿಂದ ಪಾಸಾಯಿತು. ಅತ್ತೆ ಅಲ್ಲೇ ಕೂತು ಕಣ್ಣೊರೆಸಿಕೊಂಡರು.

ಹೊರಗೆ ಬಂದಾಗ ಇಂಜಿನಿಯರ್ ನನ್ನನ್ನು ಪಕ್ಕಕ್ಕೆ ಕರೆದ. "ಇಂಥದ್ದನ್ನೇ ಮಾಡೋಕೆ ನಮ್ಮ ಇಡೀ ಟೀಮು ವರ್ಷಗಳಿಂದ ಒದ್ದಾಡ್ತಿದೆ. ಇದನ್ನ ಮಾಡಿದ್ದು ಯಾವ ಕಂಪನಿ?"

ಬೆಲ್‌ವ್ಯೂನ ಇಂಡಿಯನ್ ಅಂಗಡಿಗೆ ಹೋಗಿ, ಸೋರೆಕಾಯಿ ಪಕ್ಕ ಹುಡುಕು ಎಂದೆ.