ಏರು ಓಣಿಯನ್ನು ಮರೆತ ಹಳದಿ ಕಸದ ಲಾರಿಯವರಿಗೆ

ನಮ್ಮ ಬಂದರು ಊರಿನ ಸಂಜೆಗಳನ್ನು ಆಳುವವರೂ, ಪಿಯಾನೋ ನಾದದೊಂದಿಗೆ ಆಗಮಿಸುವವರೂ, ಮೀನಿನ ತಲೆಯಿಂದ ಹಿಡಿದು ಮುರಿದ ಛತ್ರಿಯವರೆಗೆ ಯಾವುದನ್ನೂ ಬೇಡವೆನ್ನದ ವಿಶಾಲ ಹೊಟ್ಟೆಯವರೂ ಆದ ಮಾನ್ಯ ಕಸದ ಲಾರಿಯವರೇ,

ಏರು ಓಣಿಯ ಸಮಸ್ತ ನಿವಾಸಿಗಳ ನಮಸ್ಕಾರಗಳು. ತಮ್ಮ ಎಂಜಿನ್ನು, ಗಾಲಿಗಳು, ಹಾಗೂ ತಮ್ಮ ಬೆನ್ನಿಗೇ ಬರುವ, ಮರುಬಳಕೆಯ ವಸ್ತು ಒಯ್ಯುವ ಚಿಕ್ಕ ಲಾರಿ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನು ಲ್ಯೋ ಸು-ಪಿಂಗ್, ಓಣಿಯ ನಡುಮಧ್ಯದಲ್ಲಿ ತಲೆ ತೊಳೆದು ಕೂದಲು ಕತ್ತರಿಸುವ ಪುಟ್ಟ ಅಂಗಡಿಯವಳು. ತಾವು ನನ್ನನ್ನು ಬಲ್ಲಿರಿ. ಒಂದು ಕೈಯಲ್ಲಿ ಕೂದಲು ತುಂಬಿದ ಚೀಲ, ಇನ್ನೊಂದು ಕೈಯಲ್ಲಿ ಬಣ್ಣದ ಬ್ರಷ್ಷು ಹಿಡಿದು, ಅರ್ಧ ತಲೆ ಕಪ್ಪಾದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ತಮ್ಮ ಹಿಂದೆ ಓಡಿ ಬಂದವಳು ನಾನೇ. ಆ ಗಿರಾಕಿ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅದರ ಬಗ್ಗೆ ಈ ಪತ್ರದಲ್ಲಿ ದೂರಿಲ್ಲ.

ಕಳೆದ ಚಳಿಗಾಲದವರೆಗೂ ತಾವು ದೊಡ್ಡ ಮನಸ್ಸು ಮಾಡಿ, ಏದುಸಿರು ಬಿಡುತ್ತ ಏರು ಹತ್ತಿ, ಓಣಿಯ ತುದಿಯಲ್ಲಿ ಬಂದು ನಿಲ್ಲುತ್ತಿದ್ದಿರಿ. ಕಸ ನೆಲಕ್ಕೆ ತಾಗಬಾರದು, ಮನೆಮುಂದೆ ಇಟ್ಟು ಒಳಗೆ ಹೋಗಬಾರದು, ತಾವು ಬಂದ ಹೊತ್ತಿಗೆ ಅವರವರ ಚೀಲವನ್ನು ಅವರವರೇ ತಂದು ತಮ್ಮ ಬಾಯಿಗೆ ಹಾಕಬೇಕು ಎಂಬ ನಿಯಮವನ್ನು ನಾವು ಶಿರಸಾವಹಿಸಿ ಪಾಲಿಸಿದ್ದೆವು. ತಾವು ಬರುವುದಕ್ಕೆ ಕಾಲು ಗಂಟೆ ಮೊದಲೇ ಜನ ಚೀಲ ಹಿಡಿದು ನೆರೆಯುತ್ತಿದ್ದರು. ಯಾರ ಸೊಸೆಗೆ ವಾಂತಿ, ಯಾರ ಮನೆಯ ಬಾಡಿಗೆ ಏರಿತು, ಯಾರು ಬೇಯಿಸಿದ ಎಂಜಲನ್ನು ಹಂದಿಗಳ ಮೇವಿನ ಡಬ್ಬಿಗೆ ಹಾಕುವ ಬದಲು ಗೊಬ್ಬರದ ಡಬ್ಬಿಗೆ ಸುರಿದು ಬೈಸಿಕೊಂಡರು, ಎಲ್ಲವೂ ಅಲ್ಲೇ ತೀರ್ಮಾನವಾಗುತ್ತಿತ್ತು. ಆಮೇಲೊಂದು ದಿನ ಕಂಬಕ್ಕೆ ಒಂದು ಸೂಚನೆ ಅಂಟಿಸಿದರು. ಮಾರ್ಗ ಸುಧಾರಣೆಯ ಅಂಗವಾಗಿ ತಾವು ಇನ್ನು ಮುಂದೆ ಏರಿನ ಬುಡದಲ್ಲಿ, ಮೀನಿನ ಉಂಡೆಯ ಅಂಗಡಿಯ ಮುಂದೆ ಮಾತ್ರ ನಿಲ್ಲುವಿರೆಂದು ಅದರಲ್ಲಿತ್ತು. ಇಷ್ಟು ಸುಧಾರಿಸಿದ ಲಾರಿಯನ್ನು ನಾವು ಈ ಜನ್ಮದಲ್ಲಿ ಕಂಡಿರಲಿಲ್ಲ.

ನಮ್ಮ ಓಣಿಯ ಏರು ತಮಗೆ ಗೊತ್ತು. ಮಳೆ ಬಂದರೆ, ಅಂದರೆ ಹೆಚ್ಚುಕಡಿಮೆ ದಿನವೂ, ರಸ್ತೆಯಂಚಿನ ಮೆಟ್ಟಿಲುಗಳು ಸೋಪು ಹಚ್ಚಿದಂತೆ ಜಾರುತ್ತವೆ. ಮೇಲಿನ ಮನೆಗಳಲ್ಲಿ ಮಂಡಿ ಸವೆದವರು, ಸಂಜೆಪಾಳಿಗೆ ಹೋಗುವವರು, ಕೈಗೂಸಿನವರು ಇದ್ದಾರೆ. ಅವರೆಲ್ಲ ಕಸ ಹಿಡಿದು ಎಲ್ಲಿಗೆ ಓಡಬೇಕು? ಆಗ ಮುಂದೆ ಬಂದವರು ಝಾನ್ ಜಿಂಗ್-ಹೋ. ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದು ನಿವೃತ್ತರಾದ ಅವರು ಓಣಿಗೆಲ್ಲ ಝಾನ್ ಮಾವ. ಕೆಟ್ಟು ನಿಂತದ್ದನ್ನು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ನನ್ನ ಅಂಗಡಿಯ ಕುರ್ಚಿಯಲ್ಲಿ ತಲೆತುಂಬ ನೊರೆ ಹೊತ್ತುಕೊಂಡೇ ಘೋಷಿಸಿದರು: "ಇದೇನು ಮಹಾ! ಎಲ್ರ ಕೈಲೂ ಫೋನಿದೆ. ಒಂದು ಗುಂಪು ಮಾಡೋಣ, ಎಲ್ರೂ ಬರೆಯೋ ಹಂಗೆ ಫೋನಲ್ಲೇ ಒಂದು ಹಾಳೆ ಹಾಕೋಣ. ಯಾರ ಮನೆ ಕಸ ಯಾರು ಒಯ್ಯೋದು ಅಂತ ಬರೆದ್ರೆ ಮುಗೀತು. ಒಂದು ಕಾಸು ಖರ್ಚಿಲ್ಲ."

ಹೀಗೆ 'ಕಸ ಹೊರುವ ಬಳಗ' ಹುಟ್ಟಿತು. ಮೀನಿನ ಉಂಡೆಯ ಅಂಗಡಿಯಾಕೆ ತಮ್ಮ ದರ್ಶನವಾದ ಕೂಡಲೇ ಗುಂಪಿನಲ್ಲಿ "ಬಂತು" ಎಂದು ಹಾಕಬೇಕು. ಸರದಿಯಿದ್ದವರು ಮನೆಮನೆಯಿಂದ ಚೀಲ ಎತ್ತಿಕೊಂಡು ಇಳಿಯಬೇಕು. ಇಷ್ಟು ಸರಳ. ಆದರೆ ನಮ್ಮ ಹಿರಿಯರ ಸೌಜನ್ಯವನ್ನು ಝಾನ್ ಮಾವ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೆಳಗಾಗುತ್ತಲೇ ತಾವರೆಯ ಚಿತ್ರ, ಅದರ ಮೇಲೆ 'ಶುಭೋದಯ'. ಬೆಟ್ಟದ ಚಿತ್ರ, ಅದರ ಮೇಲೆ 'ಆರೋಗ್ಯವೇ ಸುಖ'. ಮಧ್ಯಾಹ್ನ ಚಹಾ ಬಟ್ಟಲು, ಸಂಜೆ ಹಂಸಗಳು. ಆ ಹಂಸಗಳ ನಡುವೆ "ಬಂತು" ಎಂಬ ಒಂದು ಪದ ಯಾರ ಕಣ್ಣಿಗೂ ಬೀಳದೆ ತಾವು ಬಂದು ಹೋಗಿಬಿಟ್ಟಿರಿ. ಝಾನ್ ಮಾವ ಕೆಂಡವಾದರು. "ಶುಭೋದಯ ಏನಿದ್ರೂ ತಿಂಡಿ ಹೊತ್ತೊಳಗೆ ಹೇಳ್ಕೊಳ್ಳಿ. ಆಮೇಲೆ ಬರೀ ಕಸ!" ಎಂದು ಬರೆದರು. "ಒಳ್ಳೇದಾಗ್ಲಿ ಅಂತ ಹೇಳಿದ್ದೇ ತಪ್ಪಾಯ್ತೇನಪ್ಪ?" ಎಂದು ಹಿರಿಯರು ಮುನಿಸಿಕೊಂಡು, ಹಾರೈಕೆಗಳಿಗೆಂದೇ ಬೇರೆ ಗುಂಪು ಕಟ್ಟಿಕೊಂಡರು. ಅದರಲ್ಲಿ ನಮ್ಮ ಬಳಗಕ್ಕಿಂತ ಹೆಚ್ಚು ಸದಸ್ಯರಿದ್ದಾರೆ. ಝಾನ್ ಮಾವನೂ ಇದ್ದಾರೆ.

ಇನ್ನು ಹಾಳೆಯ ವಿಚಾರ. ಹೆಸರುಗಳನ್ನು ನಾನು ಸಿಕ್ಕ ಸಿಕ್ಕ ಹಾಗೆ ತುಂಬಿದ್ದೆ. ಅತ್ಯಂತ ಹಿರಿಯರಾದ ಯುವೆ-ಗುಯಿ ಅಜ್ಜಿಯ ಹೆಸರು ಕಟ್ಟಕಡೆಗೆ, ನಿನ್ನೆ ಮೊನ್ನೆ ಬಾಡಿಗೆಗೆ ಬಂದವರ ಕೆಳಗೆ ಬಿದ್ದಿತ್ತು. ಇದು ಝಾನ್ ಮಾವನ ಕಣ್ಣಿಗೆ ಚುಚ್ಚಿತು. "ಅಜ್ಜೀನ ಕೆಳಗೆ ಕೂರಿಸ್ತೀಯಾ? ನಿಮ್ಮನೇಲಿ ಊಟಕ್ಕೂ ಹಿಂಗೇನಾ?" ಎಂದು ನನ್ನನ್ನು ಗದರಿ, ಹೆಸರುಗಳನ್ನೆಲ್ಲ ವಯಸ್ಸಿನ ಪ್ರಕಾರ ಜೋಡಿಸಿದರು. ಹೆಸರುಗಳನ್ನು ಮಾತ್ರ. ಪಕ್ಕದ ಸಾಲಿನಲ್ಲಿದ್ದ ಮನೆಗಳೂ ಕೆಲಸಗಳೂ ಇದ್ದಲ್ಲೇ ಉಳಿದವು. ಮರುದಿನ ಸಂಜೆ ಕೈಗೂಸಿನ ತಾಯಿ ತನ್ನದೇ ಮನೆಯ ಕದ ತಟ್ಟಿ ಕಸ ಕೇಳಬೇಕಾಗಿತ್ತು, ಮೇಲಿನ ಉಪಾಹಾರ ಗೃಹದ ಎಂಜಲಿನ ಬಕೆಟ್ಟುಗಳೆಲ್ಲ ಯುವೆ-ಗುಯಿ ಅಜ್ಜಿಯ ಪಾಲಿಗೆ ಬಂದಿದ್ದವು. ಅಜ್ಜಿ ರಬ್ಬರ್ ಕೈಗವಸು ತೊಟ್ಟು, ಮಳೆಕೋಟು ಹಾಕಿ, ನನ್ನ ಅಂಗಡಿಯ ಬಾಗಿಲಲ್ಲಿ ಪ್ರತ್ಯಕ್ಷರಾದರು. "ನನ್ನ ಹೆಸರು ಎಲ್ರಿಗಿಂತ ಮೇಲೆ ಬಂದಿದೆಯಂತಲ್ಲ. ಎಲ್ಲಿ ಬಕೆಟ್ಟು?" ನಾವು ಹೊಟ್ಟೆ ಹಿಡಿದು ನಕ್ಕು, ಅವರನ್ನು ಜೋಪಾನವಾಗಿ ಮನೆಗೆ ಕಳುಹಿಸಿದೆವು.

ಆ ಒಂದೆರಡು ಎಡವಟ್ಟು ಬಿಟ್ಟರೆ, ಮಾನ್ಯರೇ, ನಮ್ಮ ಬಳಗದ ದಕ್ಷತೆಗೆ ತಾವೇ ಸಾಕ್ಷಿ. ಮಳೆಯಿರಲಿ, ಬಿರುಗಾಳಿಯ ಮುನ್ನಾದಿನವಿರಲಿ, ಏರು ಓಣಿಯ ಒಂದು ಚೀಲವೂ ತಮ್ಮ ಕೈತಪ್ಪಲಿಲ್ಲ. ಇಷ್ಟು ಶಿಸ್ತು ನೋಡಿಯಾದರೂ ಕನಿಕರ ಹುಟ್ಟೀತೆಂದು, ತಮ್ಮನ್ನು ಮತ್ತೆ ಮೇಲೆ ಕಳುಹಿಸಿಕೊಡಿ ಎಂಬ ಮನವಿಯೊಂದಿಗೆ ನಾನೂ ಝಾನ್ ಮಾವನೂ ಸ್ವಚ್ಛತಾ ಕಚೇರಿಗೆ ಹೋದೆವು. ಅಲ್ಲಿನ ಕ್ವೋ ಮಹಾಶಯರು ನಮಗೆ ಊಲಾಂಗ್ ಚಹಾ ಕೊಟ್ಟು, ನಮ್ಮ ಫೋನಿನಲ್ಲಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, ಆನಂದಪಟ್ಟರು. "ಎಷ್ಟು ಚೆನ್ನಾಗಿ ನಡೆಸ್ತಿದೀರಿ! ಒಂದು ದೂರೂ ಇಲ್ಲ. ಇನ್ನು ಲಾರಿ ಮೇಲೆ ಬರೋ ಅಗತ್ಯವೇ ಕಾಣಲ್ಲವಲ್ಲ? ಪಕ್ಕದ ಎರಡು ಓಣಿಗೂ ನೀವೇ ಸ್ವಲ್ಪ ಹೇಳಿಕೊಡಿ, ಅಲ್ಲಿಗೆ ಲಾರಿ ಹೋಗೋದನ್ನೂ ನಿಲ್ಲಿಸಿಬಿಡಬಹುದು" ಎಂದರು. ನಾವು ಕೆಲಸ ಹಾಳು ಮಾಡಿಕೊಂಡಿದ್ದರೆ ಲಾರಿ ಸಿಗುತ್ತಿತ್ತು, ಚೆನ್ನಾಗಿ ಮಾಡಿದ್ದರಿಂದ ಕಳೆದುಕೊಂಡೆವು. ಹೊರಗೆ ಬಂದು ಝಾನ್ ಮಾವ ಮಳೆಯಲ್ಲಿ ಛತ್ರಿ ಬಿಚ್ಚುವುದನ್ನೂ ಮರೆತು ನಿಂತಿದ್ದರು.

ಆದರೂ ನಾನು ಪತ್ರ ಬರೆಯುತ್ತಿರಲಿಲ್ಲ. ಚೀಲ ಹೊರುವುದು ಅಭ್ಯಾಸವಾಗಿತ್ತು, ತಮ್ಮನ್ನು ಮರೆಯುವುದೂ ಆಗುತ್ತಿತ್ತು. ಅಷ್ಟರಲ್ಲಿ ಗುಂಪಿನಲ್ಲಿ ಯುವೆ-ಗುಯಿ ಅಜ್ಜಿಯ ಮೇಲೆ ದೂರು ಬರತೊಡಗಿತು. ಅಜ್ಜಿಯ ಮಗಳು ಬಸ್ಸು ಓಡಿಸುವವಳು, ಸಂಜೆಪಾಳಿ. ಆ ಹೊತ್ತಿಗೆ ಮನೆಯಲ್ಲಿ ಅಜ್ಜಿ ಒಬ್ಬರೇ. "ಅಜ್ಜಿ ಒಂದು ಬಾಳೆಹಣ್ಣಿನ ಸಿಪ್ಪೆಗೆ ಒಂದು ಚೀಲ, ಮೊಟ್ಟೆ ಸಿಪ್ಪೆಗೆ ಇನ್ನೊಂದು ಚೀಲ ಕಟ್ತಾರೆ," "ಒಂದು ಕೊಟ್ಟು, ಒಳಗೆ ಹೋಗಿ ಇನ್ನೊಂದು ತರ್ತಾರೆ, ಕೆಳಗೆ ಲಾರಿ ಹೊರಟೇಹೋಗುತ್ತೆ," "ಯಾರಾದ್ರೂ ಸ್ವಲ್ಪ ಹೇಳ್ರಪ್ಪ." ಹೇಳುವ ಕೆಲಸ ನನ್ನ ತಲೆಗೇ ಬಂತು.

ನಾನು ಹೋದಾಗ ಅಜ್ಜಿ ಬಾಗಿಲಲ್ಲೇ ಪುಟ್ಟ ಸ್ಟೂಲು ಹಾಕಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಗಂಟು ಹಾಕಿದ ಚೋಟುದ್ದದ ಚೀಲಗಳು. ಯಾಕಜ್ಜಿ, ಎಲ್ಲ ಸೇರಿಸಿ ಒಂದೇ ಚೀಲಕ್ಕೆ ಹಾಕಬಾರದೇ ಎಂದು ಆದಷ್ಟು ಮೆತ್ತಗೆ ಕೇಳಿದೆ. ಅವರು ನನ್ನನ್ನು ನೋಡಲಿಲ್ಲ, ಚೀಲದ ಗಂಟನ್ನೇ ನೋಡಿದರು. "ಒಂದೇ ಸಲ ಕೊಟ್ಬಿಟ್ರೆ ಒಂದೇ ಸಲ ಹೋಗ್ಬಿಡ್ತಾರಲ್ಲೇ, ಸು-ಪಿಂಗ್. ಮುಂಚೆ ಲಾರಿ ಬಂದಾಗ ದಿನಾ ಹೊರಗೆ ಬರ್ತಿದ್ದೆ, ಎಲ್ರ ಮುಖ ನೋಡ್ತಿದ್ದೆ, ಎರಡು ಮಾತು ಬೈತಿದ್ದೆ. ಈಗ ನೀವು ಬರ್ತೀರ, ಕಿವಿಗೆ ಅದೇನೋ ಸಿಗಿಸ್ಕೊಂಡು ಚೀಲ ಎತ್ಕೊಂಡು ಓಡ್ತೀರ. ಕಸ ತಗೊಂಡು ಹೋಗೋಕೆ ಇಷ್ಟು ಜನ ಇದೀರ. ನನ್ನನ್ನ ಕರ್ಕೊಂಡು ಹೋಗೋಕೆ ಯಾರೂ ಹೆಸರು ಬರೆದಿಲ್ಲ ನೋಡು."

ಅವರ ಮಾತು ನಿಜ. ಅಜ್ಜಿಯ ಸಂಜೆಯನ್ನು ತಾವು ಅರ್ಧ ಕಿತ್ತುಕೊಂಡಿರಿ, ಉಳಿದರ್ಧವನ್ನು ನಾವು ಉಪಕಾರದ ಹೆಸರಲ್ಲಿ ಹೊತ್ತೊಯ್ದೆವು.

ಆದ್ದರಿಂದ ಮಾನ್ಯರೇ, ತಮ್ಮ ಪಾದಗಳಲ್ಲಿ, ಅಂದರೆ ಗಾಲಿಗಳಲ್ಲಿ, ಕೆಲವು ವಿನಂತಿಗಳು. ತಾವು ವಾರಕ್ಕೊಮ್ಮೆಯಾದರೂ ದಾರಿ ತಪ್ಪಿ ನಮ್ಮ ಏರು ಹತ್ತಬೇಕು. ಹತ್ತಿದ ಮೇಲೆ ಓಣಿಯ ತುದಿಯಲ್ಲಿ ಕೆಟ್ಟು ನಿಲ್ಲಬೇಕು, ಝಾನ್ ಮಾವ ನಿಧಾನವಾಗಿ ರಿಪೇರಿ ಮಾಡುವರು. ಏರು ಹತ್ತಲು ಭಯವಾದರೆ ಹಿಮ್ಮುಖವಾಗಿ ಬನ್ನಿ, ನಾವೆಲ್ಲ ಹಿಂದಿನಿಂದ 'ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ' ಎಂದು ಕೂಗುತ್ತೇವೆ. ಯುವೆ-ಗುಯಿ ಅಜ್ಜಿಯನ್ನು ಗೌರವ ತಪಾಸಣಾಧಿಕಾರಿಯಾಗಿ ನೇಮಿಸಿ ತಮ್ಮ ಮುಂದಿನ ಆಸನದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದರಂತೂ ಕಸ ವಿಂಗಡಿಸದವರು ಈ ಊರಿನಲ್ಲಿ ಉಳಿಯುವುದಿಲ್ಲ. ಇವಾವುದೂ ಆಗದಿದ್ದರೆ ನಮ್ಮ ಗುಂಪಿಗೆ ಸೇರಿಕೊಂಡು ಒಂದು ತಾವರೆಯ ಚಿತ್ರವನ್ನಾದರೂ ಕಳುಹಿಸಿ, ನೆನಪಿದೆಯೆಂದು ತಿಳಿದುಕೊಳ್ಳುತ್ತೇವೆ.

ಉತ್ತರ ಬರುವ ತನಕ ನಾವು ಸುಮ್ಮನೆ ಕೂತಿಲ್ಲ. ಸೋಮವಾರ ನಾನು ಗುಂಪಿನಲ್ಲಿ ಬರೆದೆ: "ಇವತ್ತಿಂದ ಯಾರ ಮನೆ ಚೀಲಾನೂ ಒಯ್ಯಬೇಡಿ. ಮನುಷ್ಯರನ್ನ ಕರ್ಕೊಂಡು ಬನ್ನಿ." ಹಾಳೆಯಲ್ಲಿ ಕಸದ ಸಾಲು ಅಳಿಸಿ, ಯಾರ ತೋಳು ಯಾರಿಗೆ ಎಂದು ಬರೆದುಕೊಂಡೆವು. ಆ ಸಂಜೆ ಯುವೆ-ಗುಯಿ ಅಜ್ಜಿ ಝಾನ್ ಮಾವನ ತೋಳು ಹಿಡಿದು, ಹೊಸ ಬ್ಲೌಸು ತೊಟ್ಟು, ಒಂದೇ ಒಂದು ಚೀಲದೊಂದಿಗೆ ಇಳಿದು ಬಂದರು. ಅವರು ಕೊನೆಯ ತಿರುವಿನಲ್ಲಿದ್ದಾಗ ತಾವು ಹೊರಟುಹೋದಿರಿ. ನಾವು ಬೊಬ್ಬೆ ಹಾಕಿದ್ದು ತಮ್ಮ ಸಂಗೀತದಲ್ಲಿ ಕೇಳಿಸಿರಲಾರದು. ಅಜ್ಜಿ ತಮ್ಮ ಬೆನ್ನು ನೋಡಿ, "ಹೋಗ್ಲಿ ಬಿಡ್ರೋ, ಏನು ಅವಸರವೋ ಪಾಪ" ಎಂದು ತಮಗಾಗಿ ಮರುಗಿ, ಮೀನಿನ ಉಂಡೆಯ ಅಂಗಡಿಯ ಮುಂದೆ ಕುಳಿತು ಓಣಿಯ ಆರು ತಿಂಗಳ ಬಾಕಿ ಸುದ್ದಿಯನ್ನೆಲ್ಲ ವಸೂಲು ಮಾಡಿಕೊಂಡರು. ಚೀಲವನ್ನು ಮತ್ತೆ ಮೇಲಕ್ಕೆ ಹೊತ್ತೊಯ್ಯಬೇಕಾಯಿತು.

ಈಗ ಬಳಗ ಸರ್ವಾನುಮತದಿಂದ ಒಂದು ನಿರ್ಣಯ ಮಾಡಿದೆ. ಹಿರಿಯರಿಗಿಂತ ಮೊದಲು ಕಿರಿಯರು ಕೈಚಾಚುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾಳೆ ಸಂಜೆ ತಾವು ಬಂದು ನಿಂತಾಗ ಇಡೀ ಓಣಿ ತಮ್ಮ ಹಿಂದೆ ಮುಂದೆ ಚೀಲ ಹಿಡಿದು ನಿಂತಿರುತ್ತದೆ. ಅಜ್ಜಿ ಇಳಿದು ಬಂದು ಚೀಲ ಹಾಕುವವರೆಗೆ ಯಾರೂ ಹಾಕುವುದಿಲ್ಲ. ಕಸ ನೆಲಕ್ಕೆ ತಾಗಬಾರದೆಂಬುದು ತಮ್ಮದೇ ನಿಯಮವಾದ್ದರಿಂದ ಕೈಯಲ್ಲೇ ಹಿಡಿದಿರುತ್ತೇವೆ, ತಮ್ಮ ದಾರಿಯಲ್ಲೇ ಹಿಡಿದಿರುತ್ತೇವೆ. ಯಾರೂ ಕೂಗುವುದಿಲ್ಲ, ಯಾರೂ ಫಲಕ ಹಿಡಿಯುವುದಿಲ್ಲ. ತಮಗೆ ಅವಸರವಾದರೆ ದಯವಿಟ್ಟು ಏರು ಹತ್ತಿ ಬನ್ನಿ, ಅಜ್ಜಿ ಅರ್ಧ ದಾರಿಯಲ್ಲಿ ಎದುರಾಗುತ್ತಾರೆ.

ತಮ್ಮ ವಿಶ್ವಾಸಿ, ನಾಳೆ ಸಂಜೆ ತಮ್ಮ ಮುಂದಿನ ಚಕ್ರದ ಎದುರು ಕಾಣಸಿಗುವವಳು,
ಲ್ಯೋ ಸು-ಪಿಂಗ್

ಮರೆತ ಮಾತು: ಕ್ವೋ ಮಹಾಶಯರ ಕಚೇರಿಯಿಂದ ನಮ್ಮ ಬಳಗಕ್ಕೆ ಇಂದು ಪ್ರಶಂಸಾಪತ್ರ ಬಂದಿದೆ. ದಪ್ಪ ಕಾಗದ, ಚಿನ್ನದ ಅಂಚು, ಮೇಲೆ ಪ್ಲಾಸ್ಟಿಕ್ ಹೊದಿಕೆ, ಹಿಂದೆ ಮರದ ಚೌಕಟ್ಟು. ಇದನ್ನು ಕಾಗದದ ಜೊತೆ ಕೊಡಬೇಕೋ, ಪ್ಲಾಸ್ಟಿಕ್ಕಿನ ಜೊತೆಯೋ, ಸಾಮಾನ್ಯ ಕಸಕ್ಕೋ ಎಂದು ಓಣಿಯಲ್ಲಿ ಜಗಳವೇ ನಡೆದಿದೆ. ನಾಳೆ ತಾವು ಹೇಗೂ ಸ್ವಲ್ಪ ಹೊತ್ತು ನಿಂತಿರುವಿರಲ್ಲ, ಆಗ ತಿಳಿಸಿಕೊಡುವ ಕೃಪೆ ಮಾಡಬೇಕು.